ದುಬೈಯಿಂದ ತರಿಸುವ ಸ್ಕಾಚ್: ಕುಡಿಯಲು ಒಂದು, ಕೊಡಲು ಒಂದು, ಎತ್ತಿಡಲು ಒಂದು

ಮಣಿಪಾಲದ ಅಣ್ಣ ನಿನ್ನೆ ನಮ್ಮ ಗುಂಪಿನಲ್ಲಿ ಕೇಳಿದ ಪ್ರಶ್ನೆಗೆ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ, ಪುರುಸೊತ್ತಿದ್ದಾಗ ಓದಿ. ಅವರ ತಮ್ಮ ಮುಂದಿನ ತಿಂಗಳು ದುಬೈಯಿಂದ ಬರುತ್ತಾರೆ, ಮೂರು ಬಾಟಲಿ ಸ್ಕಾಚ್, ಅಂದರೆ ಸ್ಕಾಟ್ಲೆಂಡಿನ ವಿಸ್ಕಿ, ತರಿಸಬೇಕಂತೆ. ಒಂದು ತಮಗೇ ಕುಡಿಯಲು. ಒಂದು ನಿವೃತ್ತರಾಗುತ್ತಿರುವ ಮಾವನಿಗೆ ಕೊಡಲು. ಇನ್ನೊಂದು ಈ ವರ್ಷ ಹುಟ್ಟಿದ ಮಗಳ ಮದುವೆಗೆ ಅಂತ ಎತ್ತಿಡಲು. ಆಗಲೇ ಹತ್ತು ಜನ ಹತ್ತು ಹೆಸರು ಹೇಳಿಯಾಗಿದೆ. ಆದರೆ ಯಾರು ಕುಡಿಯುತ್ತಾರೆ, ಹೇಗೆ ಕುಡಿಯುತ್ತಾರೆ, ಯಾವಾಗ ಕುಡಿಯುತ್ತಾರೆ ಅಂತ ನೋಡದೆ ಹೆಸರು ಹೇಳಿ ಪ್ರಯೋಜನ ಇಲ್ಲ ಅಣ್ಣ.

ಮೊದಲು ಒಂದು ಲೆಕ್ಕ. ವಿದೇಶದಿಂದ ಬರುವವರು ಒಬ್ಬೊಬ್ಬರು ಸುಂಕ ಕಟ್ಟದೆ ತರಬಹುದಾದ ಮದ್ಯ 2 ಲೀಟರ್. ಸ್ಕಾಚ್ ಬಾಟಲಿ ಸಾಮಾನ್ಯವಾಗಿ 700 ಮಿಲಿ. ಮೂರು ಸೇರಿದರೆ 2.1 ಲೀಟರ್ ಆಯಿತಲ್ವಾ? ಆ ನೂರು ಮಿಲಿಗಾಗಿ ನಿಮ್ಮ ತಮ್ಮ ಕಸ್ಟಮ್ಸ್ ಮೇಜಿನ ಮುಂದೆ ನಿಲ್ಲುವುದು ಬೇಡ. ಎರಡೇ ತರಲಿ. ಡ್ಯೂಟಿ ಫ್ರೀಯಲ್ಲಿ ಒಂದು ಲೀಟರಿನ ಬಾಟಲಿಗಳೂ ಇರುತ್ತವೆ, ಅಂಥದ್ದು ಎರಡಾದರೆ ಲೆಕ್ಕ ಸರಿ ಕೂಡುತ್ತದೆ. ಮೂರನೆಯದು ಈಗ ಬೇಕಾಗಿಯೇ ಇಲ್ಲ ಅಂತ ನನ್ನ ಅಭಿಪ್ರಾಯ. ಯಾಕೆ ಅಂತ ಕೊನೆಗೆ ಹೇಳುತ್ತೇನೆ.

ನಿಮ್ಮ ಬಾಟಲಿಯ ವಿಷಯಕ್ಕೆ ಬರುವ. ಇಷ್ಟರವರೆಗೆ ಜಾನಿ ವಾಕರ್ ಬ್ಲ್ಯಾಕ್ ಲೇಬಲ್ ಬಿಟ್ಟು ಬೇರೆ ಸ್ಕಾಚ್ ಕುಡಿದಿಲ್ಲ ಅಂತ ಬರೆದಿದ್ದೀರಿ. ಒಳ್ಳೆಯದೇ ಆಯಿತು. ಅದು ಬೇರೆ ಬೇರೆ ಡಿಸ್ಟಿಲರಿಗಳ ವಿಸ್ಕಿ ಸೇರಿಸಿ ಮಾಡಿದ ಬ್ಲೆಂಡ್. ಒಳಗೆ ಸಿಹಿಯೂ ಇದೆ, ಹೊಗೆಯೂ ಇದೆ. ಇವತ್ತು ರಾತ್ರಿ ಒಂದು ಕೆಲಸ ಮಾಡಿ. ಬಾಯಿ ಕಿರಿದಾದ ಸಣ್ಣ ಗ್ಲಾಸಿಗೆ 30 ಮಿಲಿ ಹಾಕಿ. ನೀರು, ಐಸ್ ಏನೂ ಬೇಡ. ಮೇಲೆ ಒಂದು ಸಾಸರ್ ಮುಚ್ಚಿ ಹತ್ತು ನಿಮಿಷ ಬಿಡಿ. ಆಮೇಲೆ ಸಾಸರ್ ತೆಗೆದು, ಬಾಯಿ ಸ್ವಲ್ಪ ತೆರೆದುಕೊಂಡು ಮೂಸಿ. ಮೊದಲು ಬರುವುದು ಒಣದ್ರಾಕ್ಷಿ, ವೆನಿಲ್ಲಾ, ಸುಟ್ಟ ಸಕ್ಕರೆಯ ವಾಸನೆ. ಅದರ ಹಿಂದೆಯೇ ತೆಳುವಾಗಿ ಹೊಗೆ. ಎರಡರಲ್ಲಿ ಯಾವುದು ನಿಮಗೆ ಇನ್ನೂ ಸ್ವಲ್ಪ ಇರಬೇಕಿತ್ತು ಅನಿಸಿತೋ, ನಿಮ್ಮ ದಾರಿ ಅದು.

ಸಿಹಿಯ ಕಡೆ ಮನಸ್ಸು ಹೋದರೆ ಪೀಪಾಯಿ ಯಾವುದು ಅಂತ ನೋಡಿ. ಬಟ್ಟಿ ಇಳಿಸಿದಾಗ ವಿಸ್ಕಿಗೆ ಬಣ್ಣವೇ ಇರುವುದಿಲ್ಲ, ನೀರಿನ ಹಾಗೆ ಇರುತ್ತದೆ. ರುಚಿಯ ದೊಡ್ಡ ಪಾಲು ಬರುವುದು ಓಕ್ ಮರದ ಪೀಪಾಯಿಯಿಂದ. ಅಮೆರಿಕದ ಬರ್ಬನ್ ವಿಸ್ಕಿ ತುಂಬಿದ್ದ ಪೀಪಾಯಿಯಲ್ಲಿ ಇಟ್ಟರೆ ವೆನಿಲ್ಲಾ, ಜೇನು, ತೆಂಗಿನಕಾಯಿ. ತೆಂಗಿನಕಾಯಿ ಅಂದದ್ದು ಸುಮ್ನೆ ಅಲ್ಲ. ಅಮೆರಿಕನ್ ಓಕ್‌ನಲ್ಲಿರುವ ಲ್ಯಾಕ್ಟೋನ್ ಎಂಬ ಅಂಶಕ್ಕೆ ತೆಂಗಿನದೇ ಪರಿಮಳ ಉಂಟು. ನಮ್ಮ ಕಡೆಯವರ ಮೂಗಿಗೆ ಅದು ಬೇಗ ಸಿಗುತ್ತದೆ, ನೋಡಿ ಬೇಕಾದರೆ. ಸ್ಪೇನಿನ ಶೆರಿ ವೈನ್‌ನ ಪೀಪಾಯಿ ಆದರೆ ಒಣದ್ರಾಕ್ಷಿ, ಖರ್ಜೂರ, ಲವಂಗ. ಕ್ರಿಸ್ಮಸ್ ಹೊತ್ತಿಗೆ ನೆರೆಮನೆಯಿಂದ ಕುಸ್ವಾರ್ ಬರುತ್ತದಲ್ಲ, ಆ ತಟ್ಟೆಯ ಪ್ಲಮ್ ಕೇಕಿನ ವಾಸನೆ ಅಂದುಕೊಳ್ಳಿ. ಮೊದಲನೆಯದಕ್ಕೆ ಗ್ಲೆನ್‌ಲಿವೆಟ್ 12, ಎರಡನೆಯದಕ್ಕೆ ಗ್ಲೆನ್‌ಡ್ರೋನಕ್ 12. ಹೆಸರಿನ ಜೊತೆಗಿರುವ ಸಂಖ್ಯೆ ವಿಸ್ಕಿಯ ವಯಸ್ಸು. ಎರಡೂ ಸ್ವಲ್ಪ ಸ್ವಲ್ಪ ಬೇಕು ಅಂದರೆ ಬಾಲ್ವೆನಿ ಡಬಲ್‌ವುಡ್ 12. ಅದನ್ನು ಮೊದಲು ಬರ್ಬನ್ ಪೀಪಾಯಿಯಲ್ಲಿಟ್ಟು ಆಮೇಲೆ ಶೆರಿ ಪೀಪಾಯಿಗೆ ಹಾಕುತ್ತಾರೆ. ನಿಮ್ಮ ಜಾಗದಲ್ಲಿ ನಾನಿದ್ದರೆ ಡಬಲ್‌ವುಡ್‌ನಿಂದಲೇ ಶುರು ಮಾಡುತ್ತಿದ್ದೆ.

ಹೊಗೆಯ ಕಡೆ ಹೋದರೆ ಪೀಟ್. ಜೌಗು ನೆಲದಲ್ಲಿ ಹುಲ್ಲು, ಪಾಚಿ ಸಾವಿರಾರು ವರ್ಷ ಕೊಳೆತು ಒತ್ತಿಕೊಂಡು ಆದ ಮಣ್ಣು ಅದು. ಮೊಳಕೆ ಬಂದ ಬಾರ್ಲಿಯನ್ನು ಅದರ ಹೊಗೆಯಲ್ಲಿ ಒಣಗಿಸುತ್ತಾರೆ. ಬಚ್ಚಲು ಒಲೆಗೆ ಅರ್ಧ ಒಣಗಿದ ತೆಂಗಿನ ಸಿಪ್ಪೆ ತುಂಬಿದಾಗ ಬರುವ ಹೊಗೆ ಇದೆಯಲ್ಲ, ಅದಕ್ಕೆ ಹತ್ತಿರ. ಐಲಾ ದ್ವೀಪದ ಲಾಫ್ರೋಯ್ಗ್ 10, ಅರ್ಡ್‌ಬೆಗ್ 10 ಈ ಜಾತಿಯವು. ಹೊಗೆಯ ಜೊತೆ ಟಿಂಚರ್ ಅಯೋಡಿನ್ ವಾಸನೆಯೂ ಇರುತ್ತದೆ. ಮೊದಲ ಗುಟುಕಿಗೇ ಗ್ಲಾಸ್ ಕೆಳಗಿಟ್ಟವರನ್ನು ನೋಡಿದ್ದೇನೆ. ಅದೇ ಜನ ಒಂದು ವರ್ಷ ಬಿಟ್ಟು ಬೇರೆ ಯಾವುದೂ ಬೇಡ ಅಂದದ್ದನ್ನೂ ನೋಡಿದ್ದೇನೆ. ನೇರ ಅಲ್ಲಿಗೆ ಹಾರಬೇಡಿ. ಸ್ಕೈ ದ್ವೀಪದ ಟಾಲಿಸ್ಕರ್ 10 ನಡುವಿನ ಮೆಟ್ಟಿಲು. ಹೊಗೆ ಹದವಾಗಿದೆ, ಸ್ವಲ್ಪ ಉಪ್ಪು, ಕೊನೆಗೆ ಕಾಳುಮೆಣಸಿನ ಖಾರ. ಕಾವಲಿಯಿಂದ ಈಗಷ್ಟೇ ತೆಗೆದ ಬಂಗುಡೆ ಫ್ರೈ ಜೊತೆ ಒಮ್ಮೆ ಕುಡಿದು ನೋಡಿ ಮಾರಾಯ್ರೆ, ನಾನು ಬೇರೇನೂ ಹೇಳಬೇಕಾಗಿಲ್ಲ.

ಲೇಬಲ್ ಮೇಲಿನ ವಯಸ್ಸಿನ ಬಗ್ಗೆ ತುಂಬ ಜನರಿಗೆ ಗೊಂದಲ. 12 ಅಂತ ಬರೆದಿದ್ದರೆ ಬಾಟಲಿಯೊಳಗಿನ ಅತಿ ಎಳೆಯ ವಿಸ್ಕಿಗೆ 12 ವರ್ಷ ಅಂತ ಅರ್ಥ. 18 ಅಂದ ತಕ್ಷಣ 12ಕ್ಕಿಂತ ರುಚಿ ಅಂತ ಅಲ್ಲ. ಪೀಟ್‌ನ ಹೊಗೆ ವರ್ಷ ಕಳೆದಂತೆ ಮೆತ್ತಗಾಗುತ್ತದೆ, ಹೊಗೆಯೇ ಇಷ್ಟ ಆಗುವವರಿಗೆ ಎಷ್ಟೋ ಸಲ 10 ವರ್ಷದ್ದೇ ಜಾಸ್ತಿ ಹಿಡಿಸುತ್ತದೆ. ಬಣ್ಣ ನೋಡಿಯೂ ಆರಿಸಬೇಡಿ. ಸ್ಕಾಚ್‌ಗೆ ಕ್ಯಾರಮೆಲ್ ಬಣ್ಣ ಸೇರಿಸಲು ಕಾನೂನೇ ಅನುಮತಿ ಕೊಡುತ್ತದೆ. ನೋಡಬೇಕಾದ್ದು ಆಲ್ಕೋಹಾಲ್ ಅಂಶ. ಕನಿಷ್ಠ 40% ಇರಲೇಬೇಕು. 46% ಇರುವ ಬಾಟಲಿಗಳಲ್ಲಿ ಹೆಚ್ಚಿನವನ್ನು ತಣ್ಣಗೆ ಮಾಡಿ ಸೋಸಿರುವುದಿಲ್ಲ, ಎಣ್ಣೆಯ ಅಂಶ ಹಾಗೇ ಉಳಿದು ಬಾಯಲ್ಲಿ ರುಚಿ ತುಂಬಿಕೊಳ್ಳುತ್ತದೆ. ಅಂಥದ್ದಕ್ಕೆ ಐಸ್ ಹಾಕಿದರೆ ಸ್ವಲ್ಪ ಮಸುಕಾಗುತ್ತದೆ. ಹೆದರಬೇಡಿ, ಅದು ನಕಲಿ ಅಲ್ಲ.

ಐಸ್ ಹಾಕುವುದು ಪಾಪ ಅಂತ ಗುಂಪಿನಲ್ಲಿ ಒಬ್ಬರು ಬರೆದಿದ್ದಾರೆ. ನಾನು ಒಪ್ಪುವುದಿಲ್ಲ. ಸ್ಕಾಟ್ಲೆಂಡಿನ ಕೋಣೆಯ ಉಷ್ಣತೆ ಬೇರೆ, ಏಪ್ರಿಲ್‌ನಲ್ಲಿ ನಮ್ಮ ಮಂಗಳೂರಿನ ಕೋಣೆಯ ಉಷ್ಣತೆ ಬೇರೆ. 32 ಡಿಗ್ರಿಯಲ್ಲಿ ಗ್ಲಾಸಿಗೆ ಹಾಕಿದರೆ ಮೊದಲು ಏಳುವುದು ಆಲ್ಕೋಹಾಲ್, ಅದು ಮೂಗಿಗೆ ಹೊಡೆಯುತ್ತದೆ. ಬೇರೆ ಪರಿಮಳ ಎಲ್ಲ ಅದರ ಹಿಂದೆ ಅಡಗಿಬಿಡುತ್ತದೆ. ನಾನು ಬಾಟಲಿಯನ್ನು ಹದಿನೈದು ನಿಮಿಷ ಫ್ರಿಜ್‌ನಲ್ಲಿಟ್ಟು ತೆಗೆಯುತ್ತೇನೆ. ಆಮೇಲೆ ಚಮಚದಲ್ಲಿ ನಾಲ್ಕೈದು ಹನಿ ನೀರು. ಅಷ್ಟೇ ನೀರಿಗೆ ಪರಿಮಳ ಬಿಚ್ಚಿಕೊಳ್ಳುತ್ತದೆ.

ಇನ್ನು ಮಾವನ ಬಾಟಲಿ. ಅವರು ವಾರಕ್ಕೆ ಎರಡು ಸಂಜೆ ಸೋಡಾ ಹಾಕಿ ಒಂದು ಪೆಗ್ ತೆಗೆದುಕೊಳ್ಳುತ್ತಾರೆ ಅಂತ ನೀವೇ ಬರೆದಿದ್ದೀರಿ. ಆಯ್ಕೆ ಅಲ್ಲಿಗೇ ಮುಗಿಯಿತು. ಸೋಡಾ ಜೊತೆ ಚೆನ್ನಾಗಿ ಹೊಂದುವುದು ಒಳ್ಳೆಯ ಬ್ಲೆಂಡ್. ಸಿಂಗಲ್ ಮಾಲ್ಟ್, ಅಂದರೆ ಒಂದೇ ಡಿಸ್ಟಿಲರಿಯ ಮೊಳಕೆ ಬಾರ್ಲಿಯ ವಿಸ್ಕಿ, ಕೊಟ್ಟರೆ ಅವರಿಗೆ ಸೋಡಾ ಹಾಕಲು ಸಂಕೋಚ. ಹಾಗೇ ಕುಡಿಯಲು ಅಭ್ಯಾಸ ಇಲ್ಲ. ಬಾಟಲಿ ಶೋಕೇಸಿನಲ್ಲಿ ಕೂರುತ್ತದೆ. ಶೀವಾಸ್ 18 ಕೊಡಿ. ಅವರು ಈಗ ಕುಡಿಯುತ್ತಿರುವ ರೀತಿಯದ್ದೇ, ಆದರೆ ಎರಡು ಮೆಟ್ಟಿಲು ಮೇಲೆ. ಹೊಗೆ ಇಷ್ಟ ಆದರೆ ಜಾನಿ ವಾಕರ್ ಡಬಲ್ ಬ್ಲ್ಯಾಕ್. ಕೊಡುವ ಮೊದಲು ಅತ್ತೆಯ ಹತ್ತಿರ ಒಂದು ಮಾತು ಕೇಳಿ. ಬಿಪಿ, ಶುಗರ್ ಮಾತ್ರೆ ಶುರುವಾಗಿ ಡಾಕ್ಟರ್ ಬೇಡ ಅಂದಿದ್ದರೆ ಬೇರೆ ಉಡುಗೊರೆ ನೋಡಿ. ನಿವೃತ್ತಿಯ ದಿನ ಮನೆಯಲ್ಲಿ ಪೂಜೆ ಇದ್ದರೆ ಅಲ್ಲಿ ಎಲ್ಲರ ಎದುರು ಕೊಡಬೇಡಿ. ಮರುದಿನ ಸಂಜೆ ಹೋಗಿ, ಅವರ ಜೊತೆ ಕೂತು, ಅಲ್ಲೇ ಸೀಲ್ ಒಡೆಸಿ. ನನ್ನ ಮಾವನಿಗೆ ನಾನು ಹಾಗೆಯೇ ಕೊಟ್ಟದ್ದು. ಆ ಸಂಜೆ ಅವರು ಮಲ್ಪೆಯಲ್ಲಿ ಕಳೆದ ಬಾಲ್ಯದ ಎಷ್ಟೋ ಸಂಗತಿ ಹೇಳಿದರು, ಅದಕ್ಕೆ ಮೊದಲು ಒಮ್ಮೆಯೂ ಹೇಳಿರಲಿಲ್ಲ.

ಇಲ್ಲಿಯೇ ಕೊಂಡು ಕೊಡುವವರಿಗೆ ಒಂದು ಮಾತು. ವೈನ್ ಶಾಪಿನಲ್ಲಿ ಕೆಲವು ಸ್ಕಾಚ್ ಮೇಲೆ ಭಾರತದಲ್ಲಿ ಬಾಟಲಿಗೆ ತುಂಬಿದ್ದು ಅಂತ ಇರುತ್ತದೆ. ಟೀಚರ್ಸ್, ವ್ಯಾಟ್ 69, ಬ್ಲ್ಯಾಕ್ ಅಂಡ್ ವೈಟ್ ಹೀಗೆ ಬರುತ್ತವೆ. ಅವು ನಿಜವಾದ ಸ್ಕಾಚೇ. ಅಲ್ಲಿಂದ ದೊಡ್ಡ ಪಾತ್ರೆಗಳಲ್ಲಿ ಬಂದು ಇಲ್ಲಿ ತುಂಬಿದ್ದು ಅಷ್ಟೇ. ಆದರೆ ಸ್ಕಾಚ್ ಸಿಂಗಲ್ ಮಾಲ್ಟ್‌ಗೆ ಇದು ನಡೆಯುವುದಿಲ್ಲ. 2012ರ ನವೆಂಬರ್‌ನಿಂದ ಅದನ್ನು ಸ್ಕಾಟ್ಲೆಂಡಿನಲ್ಲೇ ಬಾಟಲಿಗೆ ತುಂಬಬೇಕು. ಸಿಂಗಲ್ ಮಾಲ್ಟ್ ಸ್ಕಾಚ್ ಅಂತಲೂ ಭಾರತದಲ್ಲಿ ತುಂಬಿದ್ದು ಅಂತಲೂ ಒಂದೇ ಲೇಬಲ್ ಹೇಳಿದರೆ ಮುಟ್ಟಬೇಡಿ.

ಗಲ್ಫ್ ಮಾಲು, ಮಿಲಿಟರಿ ಮಾಲು ಅಂತ ಮನೆಗೇ ತಂದು ಕೊಡುವವರಿಂದ ದೂರ ಇರಿ. ಲೈಸೆನ್ಸ್ ಇಲ್ಲದೆ ಮಾರುವುದೇ ಅಪರಾಧ. ನಾನು ಒಮ್ಮೆ ಹಾಗೆ ಒಂದು ದುಬಾರಿ ಬಾಟಲಿ ಕೊಂಡು ಮೋಸ ಹೋಗಿದ್ದೇನೆ. ಡಬ್ಬಿ, ಬಾಟಲಿ ಎರಡೂ ಅಸಲಿ. ಮುಚ್ಚಳದ ಸುತ್ತ ಇದ್ದ ಫಾಯಿಲ್ ಮಾತ್ರ ಉಗುರು ತಾಗಿಸಿದ ಕೂಡಲೇ ಕಿತ್ತು ಬಂತು. ಒಳಗೆ ಅಂಟಿನ ಗುರುತು. ಗ್ಲಾಸಿಗೆ ಹಾಕಿದರೆ ಸ್ಪಿರಿಟ್ ಮತ್ತು ವೆನಿಲ್ಲಾ ಎಸೆನ್ಸ್ ವಾಸನೆ. ಗುಜರಿಗೆ ಹೋದ ಖಾಲಿ ಬಾಟಲಿಯನ್ನು ಯಾರೋ ಮತ್ತೆ ತುಂಬಿದ್ದರು. ಅಂದಿನಿಂದ ನನ್ನ ಖಾಲಿ ಬಾಟಲಿಗಳ ಲೇಬಲ್ ಹರಿದೇ ಗುಜರಿಗೆ ಹಾಕುವುದು. ನೀವೂ ಹಾಗೇ ಮಾಡಿ. ಇದು ನಮ್ಮಲ್ಲಿ ಮಾತ್ರ ನಡೆಯುವ ಮೋಸ ಅಂದುಕೊಳ್ಳಬೇಡಿ. 2017ರಲ್ಲಿ ಸ್ವಿಟ್ಜರ್ಲೆಂಡಿನ ಒಂದು ಹೋಟೆಲಿನಲ್ಲಿ 1878ರ ಮೆಕಾಲನ್ ಅಂತ ಒಂದೇ ಪೆಗ್‌ಗೆ ಸುಮಾರು ಹತ್ತು ಸಾವಿರ ಡಾಲರ್ ಕೊಟ್ಟು ಕುಡಿದವರಿದ್ದಾರೆ. ಪರೀಕ್ಷೆ ಮಾಡಿಸಿದರೆ ಅದು 1970ರ ಆಸುಪಾಸಿನ ಬ್ಲೆಂಡ್. ಹೋಟೆಲಿನವರು ಹಣ ವಾಪಸ್ ಕೊಟ್ಟರು.

ಈಗ ಮಗಳ ಮದುವೆಯ ಬಾಟಲಿ. ನಿಮ್ಮ ಆಸೆ ನನಗೆ ಅರ್ಥ ಆಗುತ್ತದೆ. ಆದರೆ ವಿಸ್ಕಿಗೆ ವಯಸ್ಸಾಗುವುದು ಪೀಪಾಯಿಯಲ್ಲಿ ಮಾತ್ರ. ಗಾಜಿನೊಳಗೆ ಹೋದ ಮೇಲೆ ನಿಂತುಬಿಡುತ್ತದೆ. ಇವತ್ತು ಕೊಂಡ 12ರ ಬಾಟಲಿ 25 ವರ್ಷ ಬಿಟ್ಟು ತೆಗೆದರೂ 12ರದ್ದೇ. ಅದರ ಮೇಲೆ ನಮ್ಮ ಹವೆ. ನಾನು ಒಂದು ಒಳ್ಳೆಯ ಬಾಟಲಿಯನ್ನು ವೈನ್ ಇಡುವ ಹಾಗೆ ಮಲಗಿಸಿ ಮರದ ಕಪಾಟಿನಲ್ಲಿ ಇಟ್ಟಿದ್ದೆ. ಆರು ಮಳೆಗಾಲ ಕಳೆದು ತೆಗೆದಾಗ ಡಬ್ಬಿಯ ತಳ ಒದ್ದೆ ಕಾಗದದ ಹಾಗೆ ಮೆತ್ತಗಾಗಿತ್ತು. ಲೇಬಲ್ ಮೇಲೆ ಬೂಸ್ಟು. ಅಂಚನ್ನು ಹುಳ ತಿಂದಿತ್ತು. ತಿರುಗಿಸಿದರೆ ಅರ್ಧ ಕಾರ್ಕ್ ಕೈಗೆ ಬಂತು, ಇನ್ನರ್ಧ ಪುಡಿಯಾಗಿ ಒಳಗೆ ಬಿತ್ತು. ವಿಸ್ಕಿ ಎರಡು ಬೆರಳು ಕಡಿಮೆಯಾಗಿತ್ತು. ಮಸ್ಲಿನ್ ಬಟ್ಟೆಯಲ್ಲಿ ಸೋಸಿ ಕುಡಿದದ್ದು.

ಹಾಗಾಗಿ ನನ್ನ ಸಲಹೆ ಕೇಳಿ. ನಿಮ್ಮ ಮಗಳು ಹುಟ್ಟಿದ ಈ ವರ್ಷ ಬಟ್ಟಿ ಇಳಿಸಿದ್ದು ಈಗ ಯಾವ ಅಂಗಡಿಯಲ್ಲೂ ಸಿಗುವುದಿಲ್ಲ. ಓಕ್ ಪೀಪಾಯಿಯಲ್ಲಿ ಮೂರು ವರ್ಷ ಕಳೆಯದೆ ಅದಕ್ಕೆ ಸ್ಕಾಚ್ ಎಂಬ ಹೆಸರೇ ಇಲ್ಲ. ಆದರೆ ಅದು ಈಗ ಸ್ಕಾಟ್ಲೆಂಡಿನ ತಂಪು ಗೋದಾಮಿನಲ್ಲಿ ಕೂತಿದೆ, ವರ್ಷಕ್ಕೆ ಶೇಕಡಾ ಎರಡರಷ್ಟು ಆವಿಯಾಗುತ್ತ ನಿಧಾನಕ್ಕೆ ಪಕ್ವವಾಗುತ್ತದೆ. ಬಟ್ಟಿ ಇಳಿಸಿದ ವರ್ಷವನ್ನು ಲೇಬಲ್ ಮೇಲೆ ಹಾಕುವ ಬಾಟಲಿಗಳು ಬರುತ್ತವೆ. ಅವಳು ಡಿಗ್ರಿ ಮುಗಿಸುವ ಹೊತ್ತಿಗೆ ಅವಳು ಹುಟ್ಟಿದ ವರ್ಷ ಹಾಕಿದ, ಇಪ್ಪತ್ತರ ಆಸುಪಾಸಿನ ಬಾಟಲಿ ಹುಡುಕಿ ಕೊಳ್ಳಿ. ಅವಳದ್ದೇ ವಯಸ್ಸು. ಈಗ ಕೊಡಬೇಕೆಂದಿದ್ದ ದುಡ್ಡನ್ನು ಅವಳ ಹೆಸರಲ್ಲಿ ಎಫ್‌ಡಿ ಇಡಿ. ಇನ್ನೊಂದು ಕಾರಣವೂ ಉಂಟು. 2025ರ ಜುಲೈ 24ರಂದು ಭಾರತ ಮತ್ತು ಬ್ರಿಟನ್ ಸಹಿ ಹಾಕಿದ ವ್ಯಾಪಾರ ಒಪ್ಪಂದದ ಪ್ರಕಾರ ಸ್ಕಾಚ್ ಮೇಲಿನ 150% ಆಮದು ಸುಂಕ ಮೊದಲು 75%ಗೆ, ಹತ್ತನೇ ವರ್ಷಕ್ಕೆ 40%ಗೆ ಇಳಿಯಬೇಕು. ರಾಜ್ಯದ ಅಬಕಾರಿ ತೆರಿಗೆ ಬೇರೆ, ಆದರೂ ಕಾದವರಿಗೆ ನಷ್ಟ ಇಲ್ಲ.

ಕೊಂಡಿಟ್ಟು ಲಾಭಕ್ಕೆ ಮಾರಬಹುದಾ ಅಂತ ಕುಂದಾಪುರದವರೊಬ್ಬರು ಕೇಳಿದ್ದಾರೆ. ಬೇಡ. 2023ರ ನವೆಂಬರ್‌ನಲ್ಲಿ 1926ರ ಮೆಕಾಲನ್ ಲಂಡನ್ನಿನ ಹರಾಜಿನಲ್ಲಿ 21 ಲಕ್ಷ ಪೌಂಡ್ ದಾಟಿದ್ದು ನಿಜ. ಅಂಥದ್ದು ತುಂಬಿದ್ದೇ 40 ಬಾಟಲಿ. ಬೇರೆ ಬಾಟಲಿಗಳ ಹರಾಜಿನ ಬೆಲೆ 2022ರ ನಂತರ ಇಳಿದಿದೆ. ಎಲ್ಲಕ್ಕಿಂತ ಮುಖ್ಯ, ಇಲ್ಲಿ ನೀವು ನಾನು ಬಾಟಲಿ ಮಾರುವ ಹಾಗಿಲ್ಲ. ಮನೆಯಲ್ಲಿ ಎಷ್ಟು ಇಡಬಹುದು ಎನ್ನುವುದಕ್ಕೂ ಕಾನೂನಿನ ಮಿತಿ ಇದೆ. ಸಂಗ್ರಹ ಶುರು ಮಾಡುವವರು ಮೊದಲು ಅಬಕಾರಿ ಕಚೇರಿಯಲ್ಲಿ ಕೇಳಿಕೊಳ್ಳಿ.

ಪ್ರೀತಿಗೆ ನಾಲ್ಕಾರು ಬಾಟಲಿ ಇಡುವುದಾದರೆ ನಿಲ್ಲಿಸಿಯೇ ಇಡಿ. ಮಲಗಿಸಿದರೆ ಆಲ್ಕೋಹಾಲ್ ಕಾರ್ಕನ್ನು ತಿನ್ನುತ್ತದೆ. ಬಿಸಿಲು ಬೀಳದ ಸ್ಟೀಲ್ ಕಪಾಟು, ಹೊರಗೋಡೆಗೆ ತಾಗದ ಹಾಗೆ. ಲೇಬಲ್ ಸುತ್ತ ಅಡುಗೆಮನೆಯ ಕ್ಲಿಂಗ್ ಫಿಲ್ಮ್ ಒಂದು ಸುತ್ತು. ಮಳೆ ಜೋರಿರುವ ಆಟಿ ತಿಂಗಳಲ್ಲಿ ಒಳಗೆ ಸಿಲಿಕಾ ಜೆಲ್ ಪೊಟ್ಟಣ ಇಟ್ಟು, ಹದಿನೈದು ದಿನಕ್ಕೊಮ್ಮೆ ಬದಲಾಯಿಸಿ. ತೆರೆದ ಬಾಟಲಿ ಅರ್ಧಕ್ಕಿಂತ ಕೆಳಗೆ ಹೋದರೆ ಒಳಗಿನ ಗಾಳಿಗೆ ರುಚಿ ಸಪ್ಪೆಯಾಗುತ್ತ ಹೋಗುತ್ತದೆ. ಸಣ್ಣ ಗಾಜಿನ ಬಾಟಲಿಗೆ ತುಂಬಿಡಿ, ಇಲ್ಲವಾದರೆ ಸ್ನೇಹಿತರನ್ನು ಕರೆಯಿರಿ. ಆದರೆ ಅವರು ಮನೆಗೆ ಹೋಗುವುದು ಆಟೋದಲ್ಲಿ.

ಅಣ್ಣ, ತಮ್ಮನಿಗೆ ಇಷ್ಟು ಹೇಳಿಬಿಡಿ. ಒಂದು ಡಬಲ್‌ವುಡ್, ಒಂದು ಶೀವಾಸ್ 18. ಡ್ಯೂಟಿ ಫ್ರೀಯ ಸೀಲ್ ಮಾಡಿದ ಚೀಲ ಕಸ್ಟಮ್ಸ್ ಮುಗಿಯುವವರೆಗೆ ಬಿಚ್ಚಬಾರದು, ಬಿಲ್ ಒಳಗೇ ಇರಲಿ. ನೇರ ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ಬಂದರೆ ತೊಂದರೆ ಇಲ್ಲ. ಮುಂಬೈಯಲ್ಲಿ ಇಳಿದು ಮಂಗಳೂರಿನ ವಿಮಾನ ಹತ್ತುವುದಾದರೆ, ಕಸ್ಟಮ್ಸ್ ಮುಗಿದ ಮೇಲೆ ಎರಡೂ ಬಾಟಲಿ ಚೆಕ್‌ಇನ್ ಸೂಟ್‌ಕೇಸಿಗೆ ಹೋಗಬೇಕು. ಕೈಯಲ್ಲಿ ಹಿಡಿದುಕೊಂಡರೆ ಸೆಕ್ಯುರಿಟಿಯಲ್ಲಿ ತೆಗೆದಿಡುತ್ತಾರೆ. ಒಂದೊಂದಕ್ಕೆ ಒಂದೊಂದು ಮುಂಡು ಸುತ್ತಿ, ಸೂಟ್‌ಕೇಸಿನ ನಡುವೆ ಬಟ್ಟೆಗಳ ಒಳಗೆ ಇಡಲು ಹೇಳಿ.