ಫಾರ್ಮ್ಯಾಟ್‌ಗೆ ಮುಂಚೆ ಫೈಲು ಹೊರಗೆ ತೆಗೆಯಿರಿ

ಪ್ರಶ್ನೆ: ನಮ್ಮದು ಮಂಡ್ಯದ ಸುಭಾಷ್ ನಗರ. ಮನೆಯಲ್ಲಿ ಒಂದು ಹಳೇ ಡೆಸ್ಕ್‌ಟಾಪ್ ಇದೆ. ಕಳೆದ ವಾರ ಕರೆಂಟ್ ಎರಡು ಮೂರು ಸಲ ಹೋಗಿ ಬಂತು. ಆಮೇಲೆ ಕಪ್ಪು ಪರದೆ ಮೇಲೆ ‘ನೋ ಬೂಟಬಲ್ ಡಿವೈಸ್’ ಅಂತ ಬಂದು ನಿಂತುಬಿಟ್ಟಿದೆ. ಅಪ್ಪ ಹನ್ನೊಂದು ವರ್ಷ ಕೂತು ಕನ್ನಡ ಟೈಪಿಂಗ್ ಸಾಫ್ಟ್‌ವೇರ್ ‘ನುಡಿ’ಯಲ್ಲಿ ಟೈಪ್ ಮಾಡಿದ ಗಾದೆ, ಒಗಟು, ಸೋಬಾನೆ ಪದ ಎಲ್ಲ ಅದರಲ್ಲೇ ಇದೆ. ಅಂಗಡಿಯಲ್ಲಿ ಫಾರ್ಮ್ಯಾಟ್ ಮಾಡಿದರೆ ಸರಿ ಹೋಗುತ್ತೆ ಅಂದರು. ಮಾಡಿಸಲಾ?

ಉತ್ತರ: ಬೇಡ, ಈಗಲೇ ಬೇಡ. ಫಾರ್ಮ್ಯಾಟ್ ಅಂದರೆ ಡಿಸ್ಕಿನಲ್ಲಿರೋದನ್ನೆಲ್ಲ ಅಳಿಸಿ ಹೊಸದಾಗಿ ಶುರು ಮಾಡೋದು. ನಮ್ಮ ಅಮ್ಮ ಹಾಡಿದ್ದ ಪದಗಳ ರೆಕಾರ್ಡಿಂಗ್ ನಾನು ಹೀಗೇ ಕಳೆದುಕೊಂಡೆ. ಕಂಪ್ಯೂಟರ್ ಚೆನ್ನಾಗಿ ಓಡುತ್ತಾ ಮನೆಗೆ ಬಂತು, ಹಾಡು ಬರಲಿಲ್ಲ. ವಿಂಡೋಸ್ ಕೆಟ್ಟರೆ ಅಪ್ಪನ ಫೈಲುಗಳೂ ಹೋದವು ಅಂತಲ್ಲ. ಅವು ಡಿಸ್ಕಿನಲ್ಲಿ ಹಾಗೇ ಇರಬಹುದು, ಅದರ ಮೇಲೆ ಹೊಸದೇನನ್ನೂ ಬರೆಯಬಾರದು ಅಷ್ಟೇ.

ಮೊದಲು ಆನ್ ಮಾಡಿದ ಕೂಡಲೇ ಡಿಲೀಟ್ ಅಥವಾ ಎಫ್2 ಒತ್ತುತ್ತಾ ಬಯೋಸ್‌ಗೆ, ಅಂದರೆ ವಿಂಡೋಸ್‌ಗೂ ಮುಂಚೆ ಬರುವ ಸೆಟಿಂಗ್ ಪರದೆಗೆ ಹೋಗಿ. ಅಲ್ಲಿ ತಾರೀಖು ಎಷ್ಟೋ ವರ್ಷ ಹಿಂದಕ್ಕೆ ಹೋಗಿದೆಯಾ ನೋಡಿ. ಹೋಗಿದ್ದರೆ ಮದರ್‌ಬೋರ್ಡ್ ಮೇಲಿರುವ ಬಿಲ್ಲೆಯಂಥ ಸೆಲ್ ಸತ್ತಿದೆ. ಅದರ ಮೇಲೆ ಸಾಮಾನ್ಯವಾಗಿ ಸಿಆರ್2032 ಅಂತ ಬರೆದಿರುತ್ತೆ, 3 ವೋಲ್ಟಿನದು. ಕರೆಂಟ್ ಹೋದಾಗ ಸೆಟಿಂಗ್ ನೆನಪಿಟ್ಟುಕೊಳ್ಳೋದು ಅದೇ. ಅದು ಸತ್ತರೆ ಬೂಟ್ ಮೋಡ್ (ಕಂಪ್ಯೂಟರ್ ಶುರುವಾಗುವ ರೀತಿ) ಅಥವಾ ಸಾಟಾ ಮೋಡ್ (ಡಿಸ್ಕಿನ ಜೊತೆ ಮಾತಾಡುವ ರೀತಿ) ಬದಲಾಗಿ, ಡಿಸ್ಕ್ ಚೆನ್ನಾಗಿದ್ದರೂ ವಿಂಡೋಸ್ ಬೂಟ್ ಆಗದೇ, ಅಂದರೆ ಶುರುವಾಗದೇ ಹೋಗಬಹುದು. ಸೆಲ್ ಹಾಕಿ ಮೋಡ್ ಮೊದಲಿನಂತೆ ಮಾಡಿದರೆ ಕೆಲಸ ಮುಗಿದೇ ಹೋಗಬಹುದು. ಬಯೋಸ್‌ನಲ್ಲಿ ಡಿಸ್ಕಿನ ಹೆಸರೇ ಕಾಣದಿದ್ದರೆ, ಕರೆಂಟ್ ವೈರ್ ತೆಗೆದು ಡಿಸ್ಕನ್ನು ಮದರ್‌ಬೋರ್ಡಿಗೆ ಸೇರಿಸುವ ಸಾಟಾ ಕೇಬಲ್ ಎರಡೂ ಕಡೆ ಬಿಚ್ಚಿ ಗಟ್ಟಿಯಾಗಿ ಹಾಕಿ.

ಅಷ್ಟಾದರೂ ಬರಲಿಲ್ಲ ಅಂದರೆ ಗೆಳೆಯರ ಕಂಪ್ಯೂಟರಿನಲ್ಲಿ ಒಂದು ಖಾಲಿ ಪೆನ್‌ಡ್ರೈವ್‌ಗೆ, 8 ಜಿಬಿಯದಾದರೂ ಇರಲಿ, ರೂಫಸ್ ಅನ್ನುವ ಸಾಫ್ಟ್‌ವೇರ್ ಬಳಸಿ ಲಿನಕ್ಸ್ ಮಿಂಟ್ ಹಾಕಿಕೊಳ್ಳಿ, ಅದು ವಿಂಡೋಸ್ ಬದಲು ಪೆನ್‌ಡ್ರೈವ್‌ನಿಂದಲೇ ಓಡುತ್ತೆ. ನಿಮ್ಮ ಕಂಪ್ಯೂಟರನ್ನು ಅದರಿಂದಲೇ ಬೂಟ್ ಮಾಡಿ. ಡೆಸ್ಕ್‌ಟಾಪ್ ಮೇಲೆ ‘ಇನ್‌ಸ್ಟಾಲ್’ ಅಂತ ಒಂದು ಐಕಾನ್ ಇರುತ್ತೆ, ಅದನ್ನು ಮಾತ್ರ ಮುಟ್ಟಬೇಡಿ. ಸುಮ್ನೆ ಫೈಲ್ ಮ್ಯಾನೇಜರ್ ತೆರೆದರೆ ಎಡಗಡೆ ನಿಮ್ಮ ಡ್ರೈವ್‌ಗಳು ಕಾಣುತ್ತವೆ. ‘ಯೂಸರ್ಸ್’ ಒಳಗೆ ಅಪ್ಪನ ಹೆಸರಿನ ಫೋಲ್ಡರ್ ಹುಡುಕಿ, ಇಡೀ ಫೋಲ್ಡರನ್ನೇ ಇನ್ನೊಂದು ಡಿಸ್ಕಿಗೆ ಕಾಪಿ ಮಾಡಿ. ಡ್ರೈವ್ ತೆರೆಯುವಾಗ ಬಿಟ್‌ಲಾಕರ್ (ವಿಂಡೋಸ್ ಡಿಸ್ಕಿಗೆ ಹಾಕುವ ಬೀಗ) ಕೀ ಕೇಳಿದರೆ, ವಿಂಡೋಸ್‌ಗೆ ಕೊಟ್ಟ ಮೈಕ್ರೋಸಾಫ್ಟ್ ಅಕೌಂಟಿನಲ್ಲಿ 48 ಅಂಕಿಯ ಆ ಕೀ ಇದೆಯಾ ನೋಡಿ.

ಕಾಪಿ ಆದ ಮೇಲೆ ಬೇಕಾದರೆ ಫಾರ್ಮ್ಯಾಟ್ ಮಾಡಿಸಿ. ಇನ್ನೊಂದು ಮಾತು. ಹೊಸ ವಿಂಡೋಸ್ ಹಾಕಿದ ಮೇಲೆ ಆ ಹಳೇ ನುಡಿ ಫೈಲು ತೆರೆದರೆ ಇಂಗ್ಲಿಷ್ ಅಕ್ಷರ, ಚಿಹ್ನೆ ಕಲಸಿಕೊಂಡು ಕಾಣಬಹುದು. ಗಾಬರಿ ಆಗಬೇಡಿ, ಅಪ್ಪ ಬರೆದದ್ದು ಎಲ್ಲೂ ಹೋಗಿರಲ್ಲ. ಅದು ಯೂನಿಕೋಡ್ (ಎಲ್ಲ ಕಂಪ್ಯೂಟರ್, ಮೊಬೈಲಿಗೂ ಒಂದೇ ಆದ ಅಕ್ಷರ ಪದ್ಧತಿ) ಅಲ್ಲದ ಫಾಂಟಿನಲ್ಲಿದೆ, ನುಡಿಯ ಆ ಫಾಂಟ್ ಹಾಕಿದರೆ ಕನ್ನಡವಾಗಿ ಕಾಣುತ್ತೆ. ಆಮೇಲೆ ಒಂದು ಪ್ರತಿಯನ್ನು ಯೂನಿಕೋಡ್‌ಗೆ ಬದಲಾಯಿಸಿ ಇಟ್ಟುಕೊಳ್ಳಿ, ಮೊಬೈಲಿನಲ್ಲೂ ಓದಬಹುದು.

ಪ್ರಶ್ನೆ: ಮೈಸೂರಿನ ಕುವೆಂಪುನಗರದಿಂದ ಬರೆಯುತ್ತಿದ್ದೇನೆ. ಲ್ಯಾಪ್‌ಟಾಪ್ ಮೇಜಿನಿಂದ ಬಿತ್ತು. ಆನ್ ಮಾಡಿದರೆ ಹಾರ್ಡ್ ಡಿಸ್ಕ್ ಟಿಕ್ ಟಿಕ್ ಅನ್ನುತ್ತೆ, ವಿಂಡೋಸ್ ಬರಲ್ಲ. ರಿಕವರಿ ಸಾಫ್ಟ್‌ವೇರ್ ಓಡಿಸಲಾ?

ಉತ್ತರ: ಇನ್ನೊಂದು ಸಲವೂ ಆನ್ ಮಾಡಬೇಡಿ. ಡಿಸ್ಕಿನ ತಟ್ಟೆಗೆ ತಾಗದಂತೆ ಕೂದಲಿಗಿಂತ ತೆಳ್ಳನೆ ಸಂದಿನಲ್ಲಿ ಓಡಾಡುತ್ತಾ ಡೇಟಾ ಓದುವ ಹೆಡ್‌ಗೆ ಪೆಟ್ಟಾಗಿದ್ದಾಗ ಸಾಮಾನ್ಯವಾಗಿ ಈ ಸದ್ದು ಬರೋದು. ಓಡಿಸಿದಷ್ಟೂ ತಟ್ಟೆಯನ್ನು ಕೆರೆದು ಹಾಕಬಹುದು. ಸಾಫ್ಟ್‌ವೇರ್ ಇದಕ್ಕಲ್ಲ. ಫ್ರಿಜ್‌ನಲ್ಲಿಡಿ ಅಂತ ಯಾರಾದರೂ ಹೇಳಿದರೂ ಕೇಳಬೇಡಿ, ಹೊರಗೆ ತೆಗೆದಾಗ ತೇವ ಹಿಡಿಯುತ್ತೆ. ಅದರಲ್ಲಿರುವ ಫೈಲುಗಳು ಬೇಕೇ ಬೇಕು ಅಂದರೆ ಧೂಳಿಲ್ಲದ ಕೋಣೆಯಲ್ಲಿ ಡಿಸ್ಕ್ ತೆರೆಯುವ ರಿಕವರಿ ಲ್ಯಾಬ್‌ಗೇ ಕೊಡಿ. ದುಡ್ಡು ಜಾಸ್ತಿ ಆಗುತ್ತೆ. ಕೊಡೋಕೆ ಮುಂಚೆ ಎಷ್ಟಾಗುತ್ತೆ, ಡೇಟಾ ಬರದಿದ್ದರೂ ದುಡ್ಡು ಕಟ್ಟಬೇಕಾ ಅಂತ ಬರಹದಲ್ಲಿ ಕೇಳಿ. ಅಲ್ಲಿವರೆಗೂ ಚಾರ್ಜರ್ ತೆಗೆದು ಲ್ಯಾಪ್‌ಟಾಪನ್ನು ಬೀರುವಿನಲ್ಲಿ ಇಟ್ಟುಬಿಡಿ.