ಅಡ್ವಾನ್ಸ್ ಹಣಕ್ಕೆ ಕೈ ಹಾಕಬೇಡಿ

ಈ ಸಲದ ಪತ್ರಗಳಲ್ಲಿ ಬಾಡಿಗೆ ಮನೆಯದೇ ದರ್ಬಾರು. ಮೊದಲೇ ಹೇಳಿಬಿಡುತ್ತೇನೆ, ನಾನು ವಕೀಲಳಲ್ಲ. ವಿಜಯನಗರದಲ್ಲಿ ನಮ್ಮ ಅತ್ತೆಯ ಕಾಲದಿಂದ ಬಾಡಿಗೆಗೆ ಕೊಡುತ್ತಾ ಬಂದಿರುವ ಮೂರು ಮನೆಗಳನ್ನು ನೋಡಿಕೊಳ್ಳುವವಳು. ಆ ಅನುಭವದಿಂದ ಗೊತ್ತಿರುವುದನ್ನು ಬರೆದಿದ್ದೇನೆ.

ಕೆಂಗೇರಿ ಕಡೆ 55 ಲಕ್ಷಕ್ಕೆ ಒಂದು ಫ್ಲ್ಯಾಟ್ ನೋಡಿದ್ದೇನೆ. ತಿಂಗಳಿಗೆ 16 ಸಾವಿರ ಬಾಡಿಗೆ ಬರುತ್ತದಂತೆ. ಬಾಡಿಗೆಯಲ್ಲೇ ಸಾಲ ತೀರುತ್ತದೆ ಅಂತ ಬ್ರೋಕರ್ ಹೇಳುತ್ತಾರೆ. ತೆಗೆದುಕೊಳ್ಳಲೇ?
— ಶಾಲಾ ಶಿಕ್ಷಕ, ತುಮಕೂರು

ಮೇಷ್ಟ್ರೇ, ಬ್ರೋಕರ್ ಹೇಳಿದ ಲೆಕ್ಕವನ್ನು ಒಮ್ಮೆ ಬೋರ್ಡಿನ ಮೇಲೆ ಬರೆದು ನೋಡಿ. ಈ ಬೆಲೆಯ ಮನೆಗೆ ಬ್ಯಾಂಕು ಕೊಡುವುದು ಹೆಚ್ಚೆಂದರೆ ನೂರಕ್ಕೆ 80. ಅಂದರೆ 44 ಲಕ್ಷ. ಶೇಕಡಾ 8.5ರ ಬಡ್ಡಿ, 20 ವರ್ಷ ಅಂದುಕೊಂಡರೆ ಕಂತು ಸುಮಾರು 38 ಸಾವಿರ. ಬಾಡಿಗೆ ಕಳೆದರೂ ತಿಂಗಳಿಗೆ 22 ಸಾವಿರ ನಿಮ್ಮ ಸಂಬಳದಿಂದಲೇ ಹೋಗಬೇಕು.

ಇನ್ನು ಕೈಯಿಂದ ಹಾಕುವ 11 ಲಕ್ಷದ ಜೊತೆಗೆ ರಿಜಿಸ್ಟ್ರೇಷನ್ ಖರ್ಚು. ಸ್ಟ್ಯಾಂಪ್ ಡ್ಯೂಟಿ ಶೇ. 5, ಅದರ ಮೇಲೆ ಸೆಸ್ಸು, ಸರ್‌ಚಾರ್ಜು. ನೋಂದಣಿ ಶುಲ್ಕ ಮೊದಲು ಶೇ. 1 ಇತ್ತು, 2025ರ ಆಗಸ್ಟ್ ಕೊನೆಯಿಂದ ಶೇ. 2 ಆಗಿದೆ. ಎಲ್ಲ ಸೇರಿ 4 ಲಕ್ಷ ದಾಟುತ್ತದೆ. ಬ್ಯಾಂಕಿನವರು ಸಾಲದ ಮಿತಿ ಲೆಕ್ಕ ಹಾಕುವಾಗ ಈ ದುಡ್ಡನ್ನು ಮನೆ ಬೆಲೆಗೆ ಸೇರಿಸುವುದಿಲ್ಲ. ಇನ್ನೊಂದು ವಿಷಯ ಬ್ರೋಕರ್ ಹೇಳಿರಲಿಕ್ಕಿಲ್ಲ. ಬೆಲೆ 50 ಲಕ್ಷ ಅಥವಾ ಅದಕ್ಕಿಂತ ಜಾಸ್ತಿ ಇದ್ದರೆ, ಕೊಳ್ಳುವವರೇ ಮಾರುವವರಿಗೆ ಕೊಡುವ ದುಡ್ಡಿನಲ್ಲಿ ಶೇ. 1 ಟಿಡಿಎಸ್ (ಮೊದಲೇ ಮುರಿದುಕೊಳ್ಳುವ ತೆರಿಗೆ) ಹಿಡಿದು ಸರ್ಕಾರಕ್ಕೆ ಕಟ್ಟಬೇಕು. ಇಲ್ಲಿ 55 ಸಾವಿರ. ಮಾರುವವರಿಗೆ ಪೂರ್ತಿ ದುಡ್ಡು ಕೊಟ್ಟು ಕೈ ತೊಳೆದುಕೊಂಡರೆ ನೋಟಿಸು ಬರುವುದು ನಿಮ್ಮ ಮನೆಗೆ.

ಸಂಬಳದಲ್ಲಿ 22 ಸಾವಿರ ತೆಗೆದಿಟ್ಟು, ವರ್ಷದಲ್ಲಿ ಒಂದೆರಡು ತಿಂಗಳು ಮನೆ ಖಾಲಿ ಬಿದ್ದರೂ ಸಂಸಾರ ನಡೆಯುತ್ತದೆ ಅಂದರೆ ಧಾರಾಳವಾಗಿ ತೆಗೆದುಕೊಳ್ಳಿ. ಇಲ್ಲದಿದ್ದರೆ ತುಮಕೂರಿನಲ್ಲೇ ಸಣ್ಣದೊಂದು ಮನೆ ನೋಡಿ. ಬಾಡಿಗೆ ಕಮ್ಮಿ ಇರಬಹುದು. ಆದರೆ ನಲ್ಲಿ ಸೋರಿದರೆ ಸೈಕಲ್ಲಿನಲ್ಲಿ ಹೋಗಿ ನೋಡಬಹುದು, ಅಲ್ವಾ?

ಹಳೇ ಮನೆಯೊಂದನ್ನು ಕೊಳ್ಳುತ್ತಿದ್ದೇವೆ. ಖಾತೆ ಮಾರುವವರ ಹೆಸರಿನಲ್ಲೇ ಇದೆ. ಅಷ್ಟು ಸಾಕಲ್ಲವೇ?
— ಗೃಹಿಣಿ, ಹಾಸನ

ಸಾಲದು. ಖಾತೆ ಅಂದರೆ ಕಂದಾಯ ಯಾರು ಕಟ್ಟಬೇಕು ಅನ್ನುವುದಕ್ಕೆ ಇರುವ ದಾಖಲೆ. ಮನೆ ಅವರದೇ ಅಂತ ಅದೊಂದರಿಂದಲೇ ರುಜುವಾತಾಗುವುದಿಲ್ಲ. ಅವರಿಗೆ ಮನೆ ಹೇಗೆ ಬಂತು, ಅವರಿಗೆ ಮಾರಿದವರಿಗೆ ಹೇಗೆ ಬಂದಿತ್ತು ಅಂತ ಹಿಂದಕ್ಕೆ ಹೋಗುತ್ತಾ ಪತ್ರಗಳನ್ನು ನೋಡಬೇಕು. 30 ವರ್ಷದ ಇಸಿ, ಅಂದರೆ ಋಣಭಾರ ಪತ್ರ ತೆಗೆಸಿ. ನೋಂದಣಿ ಇಲಾಖೆಯ ಕಾವೇರಿ ಪೋರ್ಟಲ್‌ನಲ್ಲೇ ಅರ್ಜಿ ಹಾಕಬಹುದು. ಆದರೆ ಇಸಿಯಲ್ಲಿ ಕಾಣುವುದು ನೋಂದಣಿ ಆದ ವ್ಯವಹಾರ ಮಾತ್ರ. ಕ್ರಯಪತ್ರವನ್ನು ಎಲ್ಲೋ ಅಡ ಇಟ್ಟು ಸಾಲ ಮಾಡಿದ್ದರೆ ಅದರಲ್ಲಿ ಸಿಗದೇ ಇರಬಹುದು. ಅದಕ್ಕೇ ಒರಿಜಿನಲ್ ಪತ್ರಗಳನ್ನು ಕಣ್ಣಾರೆ ನೋಡದೆ ಒಂದು ರೂಪಾಯಿಯೂ ಟೋಕನ್ ಕೊಡಬೇಡಿ. 'ಲಾಕರಿನಲ್ಲಿದೆ, ಸದ್ಯಕ್ಕೆ ಜೆರಾಕ್ಸ್ ನೋಡಿ' ಅಂದರೆ ಅಲ್ಲಿಂದ ಎದ್ದು ಬನ್ನಿ.

ನಿಮ್ಮ ಪತ್ರದಲ್ಲಿ ಇನ್ನೊಂದು ಸಾಲಿದೆ: 'ಅದು ಅವರ ತಂದೆಯಿಂದ ಬಂದ ಮನೆ.' ಅಸಲಿ ವಿಷಯ ಇರುವುದೇ ಅಲ್ಲಿ. ಆ ತಂದೆಗೆ ಹೆಣ್ಣುಮಕ್ಕಳಿದ್ದಾರಾ? ಹಿಂದೂ ಉತ್ತರಾಧಿಕಾರ ಕಾಯ್ದೆಗೆ 2005ರಲ್ಲಿ ಆದ ತಿದ್ದುಪಡಿಯಿಂದ ಹಿಂದೂ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು. ಆ ಹೊತ್ತಿಗೆ ತಂದೆ ಬದುಕಿರಲೇಬೇಕು ಅಂತಿಲ್ಲ ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಂದೆಯ ಸ್ವಂತ ದುಡಿಮೆಯ ಮನೆಯಾಗಿದ್ದು ಉಯಿಲು ಬರೆಯದೆ ತೀರಿಕೊಂಡಿದ್ದರೂ ಹೆಣ್ಣುಮಕ್ಕಳು ವಾರಸುದಾರರೇ. 'ಅಕ್ಕಂದಿರು ಮದುವೆಯಾಗಿ ಹೋಗಿದ್ದಾರೆ, ಅವರದೇನೂ ತಕರಾರಿಲ್ಲ' ಅನ್ನುವ ಮಾತು ಮನೆಯೊಳಗೆ ನಡೆಯುತ್ತದೆ, ಕೋರ್ಟಿನಲ್ಲಿ ನಡೆಯಲ್ಲ. ವಂಶವೃಕ್ಷ ತರಿಸಿ. ಅಕ್ಕಂದಿರು ಸಬ್‌ರಿಜಿಸ್ಟ್ರಾರ್ ಕಚೇರಿಗೆ ಬಂದು ಸಹಿ ಹಾಕಲಿ. ಈ ಪತ್ರಗಳನ್ನೆಲ್ಲ ಆಸ್ತಿ ಕೇಸು ನಡೆಸುವ ಒಬ್ಬ ವಕೀಲರಿಗೆ ಫೀಸು ಕೊಟ್ಟು ತೋರಿಸಿ. ಅಲ್ಲಿ ಜಿಪುಣತನ ಬೇಡ.

ಎಷ್ಟು ತಿಂಗಳ ಅಡ್ವಾನ್ಸ್ ಕೇಳಬೇಕು? ಅಗ್ರಿಮೆಂಟ್ ಯಾಕೆ 11 ತಿಂಗಳಿಗೇ ಮಾಡುತ್ತಾರೆ?
— ಹೊಸ ಓನರ್, ಬೆಂಗಳೂರು

ಎರಡನೆಯದಕ್ಕೆ ಉತ್ತರ ಸುಲಭ. ಒಂದು ವರ್ಷಕ್ಕಿಂತ ಹೆಚ್ಚಿನ ಅವಧಿಗೆ ಕೊಟ್ಟರೆ ಕರಾರನ್ನು ರಿಜಿಸ್ಟರ್ ಮಾಡಿಸಬೇಕು. ಅದರ ಖರ್ಚು, ಓಡಾಟ ಬೇಡ ಅಂತ 11 ತಿಂಗಳು.

ಅಡ್ವಾನ್ಸಿಗೆ ಬರೋಣ. ಬೆಂಗಳೂರಿನಲ್ಲಿ 10 ತಿಂಗಳ ಬಾಡಿಗೆ ಕೇಳುವ ರೂಢಿ ಬಹಳ ಹಿಂದಿನದು. ಈಗ ಐದಾರು ತಿಂಗಳಿಗೆ ಒಪ್ಪುವವರು ಜಾಸ್ತಿಯಾಗಿದ್ದಾರೆ. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯಲ್ಲಿ ವಾಸದ ಮನೆಗೆ ಎರಡೇ ತಿಂಗಳು ಅಂತಿದೆ. ಆದರೆ ಅದು ರಾಜ್ಯಗಳು ಅಳವಡಿಸಿಕೊಂಡರೆ ಮಾತ್ರ ಜಾರಿಗೆ ಬರುವಂಥದ್ದು. ನನ್ನ ಪ್ರಕಾರ ಐದು ತಿಂಗಳು ನ್ಯಾಯ.

ಎಷ್ಟೇ ತೆಗೆದುಕೊಳ್ಳಿ, ಅದು ನಿಮ್ಮ ದುಡ್ಡಲ್ಲ. ಹೊಸ ಓನರ್‌ಗಳು ಎಡವುವುದೇ ಇಲ್ಲಿ. ಅಡ್ವಾನ್ಸ್ ಬಂದ ಕೂಡಲೇ ಕಾಂಪೌಂಡ್ ಕಟ್ಟಿಸುತ್ತಾರೆ, ಮಗನಿಗೆ ಬೈಕ್ ಕೊಡಿಸುತ್ತಾರೆ. ಬಾಡಿಗೆದಾರರು ಖಾಲಿ ಮಾಡುವಾಗ 'ಇನ್ನೊಬ್ಬರು ಬರಲಿ, ಅವರ ಅಡ್ವಾನ್ಸ್ ಬಂದ ಮೇಲೆ ಕೊಡುತ್ತೇನೆ' ಅಂತ ರಾಗ ಎಳೆಯುತ್ತಾರೆ. ಪಾಪ, ಅವರೂ ಇನ್ನೊಂದು ಮನೆಗೆ ಅಡ್ವಾನ್ಸ್ ಕಟ್ಟಬೇಕಲ್ಲ! ನಾನಂತೂ ಅಡ್ವಾನ್ಸ್ ಬಂದ ದಿನವೇ ಅದನ್ನು ಬೇರೆ ಎಫ್‌ಡಿ ಮಾಡಿಬಿಡುತ್ತೇನೆ. ಬಡ್ಡಿ ನನಗೆ, ಅಸಲು ಅವರಿಗೆ.

ಖಾಲಿ ಮಾಡುವಾಗ ಜಗಳ ಬೇಡ ಅಂದರೆ ಕೀ ಕೊಡುವ ದಿನವೇ ಅವರ ಜೊತೆ ನಿಂತು ಮನೆ ಸುತ್ತಿ. ಕರೆಂಟ್ ಮೀಟರಿನ ರೀಡಿಂಗ್, ಗೀಸರ್, ಸಿಂಕಿನ ಕೆಳಗಿನ ಪೈಪು, ಬಾತ್‌ರೂಮ್ ಬಾಗಿಲಿನ ಕೆಳಭಾಗ, ಎಲ್ಲದರ ಫೋಟೊ ತೆಗೆದು ಅವರಿಗೂ ವಾಟ್ಸಾಪ್ ಮಾಡಿ. ನೀರು ಬಿದ್ದು ಬಾಗಿಲು ಉಬ್ಬುವುದು, ವಾಷರ್ ಸವೆಯುವುದು ಓನರ್ ಖರ್ಚು. ವಾಶ್‌ಬೇಸಿನ್ ಒಡೆದರೆ ಅವರದು. ಪೇಂಟಿಂಗಿಗೆ ಒಂದು ತಿಂಗಳ ಬಾಡಿಗೆ ಹಿಡಿಯುವುದಿದ್ದರೆ ಅಗ್ರಿಮೆಂಟಿನಲ್ಲೇ ಬರೆಸಿ. ಆಮೇಲೆ ನೆನಪಾಯಿತು ಅಂತ ಹಿಡಿಯುವುದು ಸರಿಯಲ್ಲ.

ಎರಡು ತಿಂಗಳಿಂದ ಬಾಡಿಗೆ ಕೊಟ್ಟಿಲ್ಲ. ನೀರು, ಕರೆಂಟ್ ಕಟ್ ಮಾಡಬಹುದೇ?
— ಹೆಸರು ಬೇಡ, ಮೈಸೂರು

ಬೇಡ. ಬೀಗ ಬದಲಾಯಿಸುವುದೂ ಬೇಡ. ನಿಮ್ಮ ಕಡೆ ಇರುವ ನ್ಯಾಯವೂ ಕೈ ತಪ್ಪುತ್ತದೆ. ಮೊದಲು ಕೂತು ಮಾತಾಡಿ. ಕೆಲಸ ಹೋಗಿರಬಹುದು, ಆಸ್ಪತ್ರೆ ಖರ್ಚು ಬಂದಿರಬಹುದು. ಅಡ್ವಾನ್ಸಿನಲ್ಲಿ ಮುರಿದುಕೊಳ್ಳಲು ಒಪ್ಪಿದರೆ ಬರೆದುಕೊಳ್ಳಿ. ಬಗ್ಗದಿದ್ದರೆ ವಕೀಲರಿಂದ ನೋಟಿಸು. ತಿಂಗಳ ಬಾಡಿಗೆಗೆ ಕಾನೂನಿನ ಪ್ರಕಾರ 15 ದಿನ ಸಾಕು. ಅಗ್ರಿಮೆಂಟಿನಲ್ಲಿ ಬೇರೆ ಅವಧಿ ಬರೆದಿದ್ದರೆ ಅದೇ ನಡೆಯುತ್ತದೆ. ಆಮೇಲೂ ಬಿಡದಿದ್ದರೆ ಕೋರ್ಟು.

ಬ್ಯಾಚುಲರ್‌ಗಳಿಗೆ, ಮಾಂಸ ತಿನ್ನುವವರಿಗೆ ಕೊಡಬೇಡಿ ಅಂತ ಪಕ್ಕದ ಮನೆಯವರು ಹೇಳುತ್ತಾರೆ.
— ನಿವೃತ್ತ ನೌಕರ, ದಾವಣಗೆರೆ

ಪಕ್ಕದ ಮನೆಯವರು ನಿಮ್ಮ ಕಂತು ಕಟ್ಟುತ್ತಾರಾ? ನಮ್ಮ ಮಹಡಿಯಲ್ಲಿ ಭಾನುವಾರ ಮೀನು ಹುರಿಯುವ ಹುಡುಗರಿದ್ದಾರೆ. ಒಂದನೇ ತಾರೀಖು ಬೆಳಿಗ್ಗೆ ಬಾಡಿಗೆ ಬಂದು ಬಿದ್ದಿರುತ್ತದೆ.

ಬಾಡಿಗೆಗೆ ತೆರಿಗೆ ಹೇಗೆ? ಪೇಂಟಿಂಗ್ ಬಿಲ್ಲು ತೋರಿಸಬಹುದೇ?
— ಬ್ಯಾಂಕ್ ಉದ್ಯೋಗಿ, ಹುಬ್ಬಳ್ಳಿ

ವರ್ಷದ ಬಾಡಿಗೆಯಲ್ಲಿ ನೀವು ಕಟ್ಟಿದ ಮನೆ ಕಂದಾಯ ಕಳೆಯಿರಿ. ಉಳಿದದ್ದರಲ್ಲಿ ಶೇ. 30 ರಿಪೇರಿ, ನಿರ್ವಹಣೆ ಅಂತ ಸರ್ಕಾರವೇ ಬಿಡುತ್ತದೆ. ಸಾಲವಿದ್ದರೆ ಅದರ ಬಡ್ಡಿಯನ್ನೂ ಕಳೆಯಬಹುದು. ಬಾಡಿಗೆ ತಿಂಗಳಿಗೆ 50 ಸಾವಿರ ದಾಟಿದರೆ ಬಾಡಿಗೆದಾರರು ಟಿಡಿಎಸ್ ಹಿಡಿಯುತ್ತಾರೆ, ಗಾಬರಿ ಬೇಡ. ಜೋಪಾನವಾಗಿ ಕಳಿಸಿದ್ದೀರಲ್ಲ, ಆ 42 ಸಾವಿರದ ಪೇಂಟಿಂಗ್ ಬಿಲ್ಲು, ಅದು ಆ ಶೇ. 30ರ ಒಳಗೇ ಬಂತು.