ಮೊದಲು ಕಾಸ್ಟಿಕ್, ಆಮೇಲೆ ಸಿಟ್ರಿಕ್: ಗೋಕರ್ಣದವರ ಆರ್‌ಒ ಪ್ರಶ್ನೆಗೆ

ಮಾರಾಯ್ರೇ, ಆ ಬ್ಲೀಚಿಂಗ್ ಪೌಡರ್ ಡಬ್ಬ ಮೊದಲು ಮುಚ್ಚಿಡಿ. ಹೋಂಸ್ಟೇ ಆರ್‌ಒದಲ್ಲಿ (ಉಪ್ಪು ನೀರನ್ನು ಮೆಂಬ್ರೇನ್ ಎಂಬ ತೆಳು ಪೊರೆಯಲ್ಲಿ ಒತ್ತಿ ಸಿಹಿ ಮಾಡುವ ಯಂತ್ರ) ನೀರು ಅರ್ಧಕ್ಕೆ ಇಳಿಯಿತು, ಆ್ಯಸಿಡ್ ಹಾಕಿ ತೊಳೆದ ಮೇಲೆ ಇನ್ನೂ ಕಡಿಮೆಯಾಯಿತು, ನಾಳೆ ಬ್ಲೀಚಿಂಗ್ ನೀರು ಬಿಡ್ತೇನೆ ಅಂತ ಬರೆದಿದ್ದೀರಿ. ಕುಮಟಾದಲ್ಲಿ ನಮ್ಮ ಭಾವನ ಪ್ಲಾಂಟಿನಲ್ಲಿ ನಾವಿಬ್ಬರೂ ಸೇರಿ ಮಾಡಿದ್ದು ಇದನ್ನೇ. ಬ್ಲೀಚಿಂಗ್ ಬಿಟ್ಟ ಮೇಲೆ ನೀರು ಜೋರಾಗಿ ಬಂತು. ಎಲ್ಲರಿಗೂ ಖುಷಿ. ಕೆಲವೇ ದಿನದಲ್ಲಿ ಚಹಾ ಉಪ್ಪುಪ್ಪು! ಮೀಟರ್ ಅದ್ದಿದರೆ ಟಿಡಿಎಸ್ (ನೀರಲ್ಲಿ ಕರಗಿದ ಉಪ್ಪಿನ ಲೆಕ್ಕ) ಮೇಲೆ ಹೋಗಿತ್ತು. ಬ್ಲೀಚಿಂಗಿನ ಕ್ಲೋರಿನ್, ಮೆಂಬ್ರೇನಿನಲ್ಲಿ ಉಪ್ಪು ತಡೆಯುವ ಪಾಲಿಅಮೈಡ್ ಪದರವನ್ನೇ ತಿನ್ನುತ್ತದೆ. ಕೊಳೆ ಹೋಗಿದ್ದಲ್ಲ, ಮೆಂಬ್ರೇನೇ ಹೋಗಿತ್ತು.

ಹಾಳಾದ ಮೇಲೆ ಕತ್ತರಿಸಿ ಬಿಚ್ಚಿ ನೋಡಿದೆವು. ಸಾಲಿನಲ್ಲಿ ಮೊದಲನೇ ಮೆಂಬ್ರೇನಿನ ಜಾಲರಿ ಮೇಲೆ ಕಂದು ಲೋಳೆ, ಬೆರಳಿಟ್ಟರೆ ಜಾರುತ್ತಿತ್ತು, ಕೆಸರಿನ ವಾಸನೆ. ಕೊನೆಯದರ ತುದಿಯಲ್ಲಿ ಮಾತ್ರ ಬಿಳಿ ಹರಳು, ಉಗುರಿಗೆ ಗರಗರ ಸಿಗುವಂಥದ್ದು. ಸಾಮಾನ್ಯವಾಗಿ ಹೀಗೇ. ಲೋಳೆ ಮುಂದೆ ಹಿಡಿಯುತ್ತದೆ. ನೀರಲ್ಲಿ ಉಪ್ಪು ದಟ್ಟವಾಗುತ್ತ ಹೋಗುವುದು ಹಿಂದೆ, ಹಾಗಾಗಿ ಸ್ಕೇಲ್ (ಹರಳುಗಟ್ಟಿದ ಉಪ್ಪಿನ ಪದರ) ಅಲ್ಲಿ ಕೂರುತ್ತದೆ. ಆ ಹರಳಿಗೆ ಸಿಟ್ರಿಕ್ ಆ್ಯಸಿಡ್ ಹನಿ ಬಿಟ್ಟಾಗ ನೊರೆ ಬಂದರೆ ಕಾರ್ಬೊನೇಟ್, ಅಂದರೆ ಸುಣ್ಣ. ಬರದಿದ್ದರೆ ಸಲ್ಫೇಟ್ ಅಥವಾ ಸಿಲಿಕಾ ಇರಬಹುದು, ಅದು ಆ್ಯಸಿಡ್‌ಗೆ ಬಗ್ಗುವುದಿಲ್ಲ.

ನಿಮ್ಮಲ್ಲಿ ಲೋಳೆ, ಸ್ಕೇಲ್ ಎರಡೂ ಇದೆ ಅಂತ ನನ್ನ ಅಂದಾಜು. ಬಾವಿ ನೀರು ಮಳೆಗಾಲದಲ್ಲಿ ಹಳದಿ ತಿರುಗುತ್ತದೆ, ಏಪ್ರಿಲ್-ಮೇಯಲ್ಲಿ ಉಪ್ಪಾಗುತ್ತದೆ ಅಂತ ನೀವೇ ಹೇಳಿದ್ದೀರಲ್ವಾ? ಕೊಳೆತ ಎಲೆಯಿಂದ ಬರುವ ಹ್ಯೂಮಿಕ್ ಅಂಶ ಆ್ಯಸಿಡ್ ತಾಗಿದ ಕೂಡಲೇ ಒಟ್ಟುಗೂಡಿ ಮೆಂಬ್ರೇನಿಗೆ ಇನ್ನೂ ಗಟ್ಟಿಯಾಗಿ ಅಂಟುತ್ತದೆ. ಅದಕ್ಕೇ ಆ್ಯಸಿಡ್ ಹಾಕಿದ ಮೇಲೆ ನೀರು ಮತ್ತೆ ಇಳಿದದ್ದು. ಹಾಗಾಗಿ ಮೊದಲು ಕಾಸ್ಟಿಕ್, ಅಂದರೆ ಕಾಸ್ಟಿಕ್ ಸೋಡಾ ಎಂಬ ಕ್ಷಾರ. ಬರೀ ಸುಣ್ಣ ಅಥವಾ ಕಬ್ಬಿಣ ಅಂತ ಖಾತ್ರಿ ಇದ್ದರೆ ಮಾತ್ರ ನೇರ ಆ್ಯಸಿಡ್. ಮೆಂಬ್ರೇನ್ ತಯಾರಿಸುವ ಫಿಲ್ಮ್‌ಟೆಕ್‌ನವರ ಪುಸ್ತಕದಲ್ಲೂ ಇದೇ ಕ್ರಮ ಇದೆ. ಅದನ್ನು ಓದದೆ ಅಂಗಡಿಯವ ಕೊಟ್ಟ ಹೆಸರಿಲ್ಲದ 'ಕ್ಲೀನರ್' ಸುರಿಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ.

ನಾನು ಈಗ ಮಾಡುವುದು ಇಷ್ಟು. ಆರ್‌ಒ ನೀರಿಗೇ ಲೀಟರಿಗೆ ಹೆಚ್ಚೆಂದರೆ 1 ಗ್ರಾಂ ಕಾಸ್ಟಿಕ್ ಸೋಡಾ. ಬಾವಿ ನೀರಲ್ಲಿ ಕಲಸಿದರೆ ಅದರ ಸುಣ್ಣ ಅಲ್ಲೇ ಗಟ್ಟಿಯಾಗುತ್ತದೆ. ಪಿಎಚ್ (ಹುಳಿ-ಕ್ಷಾರದ ಅಳತೆ) 12 ದಾಟಬಾರದು, ಪಟ್ಟಿ ಅದ್ದಿ ನೋಡಿ. ನೀರು ಉಗುರು ಬೆಚ್ಚಗೆ, 30 ಡಿಗ್ರಿ ಸುತ್ತಮುತ್ತ ಸಾಕು. ಕಡಿಮೆ ಒತ್ತಡದಲ್ಲಿ ತಿರುಗಿಸಿ, ಒಂದು ತಾಸು ನೆನೆಯಲು ಬಿಡಿ, ಮತ್ತೆ ತಿರುಗಿಸಿ. ಹೊರಬರುವ ನೀರು ಚಹಾ ಬಣ್ಣ ಇದ್ದರೆ ಚೆಲ್ಲಿ ಹೊಸದು ಮಾಡಿ. ಪಿಎಚ್ 7ರ ಹತ್ತಿರ ಬರುವವರೆಗೆ ತೊಳೆದ ಮೇಲೆ ಸಿಟ್ರಿಕ್, ಲೀಟರಿಗೆ 20 ಗ್ರಾಂ, ಅದೇ ರೀತಿ. ಕಾಸ್ಟಿಕ್ಕನ್ನು ನೀರಿಗೆ ಸ್ವಲ್ಪಸ್ವಲ್ಪ ಹಾಕಿ, ಅದರ ಮೇಲೆ ನೀರು ಸುರಿಯಬೇಡಿ. ಕನ್ನಡಕ, ಕೈಗವಸು ಇಲ್ಲದೆ ಮುಟ್ಟಬೇಡಿ. ಬ್ಲೀಚಿಂಗ್ ಪೌಡರಿಗೆ ಆ್ಯಸಿಡ್ ತಾಗಿದರೆ ವಿಷಗಾಳಿ ಏಳುತ್ತದೆ, ಎರಡನ್ನೂ ಒಂದೇ ಕಡೆ ಇಡುವುದೇ ಬೇಡ.

ನೀರು ಅರ್ಧ ಆಗುವವರೆಗೆ ಕಾದಿದ್ದೂ ಸರಿಯಲ್ಲ. ಹತ್ತು ಪರ್ಸೆಂಟ್ ಇಳಿದಾಗಲೇ ತೊಳೆಯಬೇಕು. ಈಗ ತೊಳೆದರೆ ಪೂರ್ತಿ ಸರಿಹೋಗುತ್ತದೆ ಅಂತ ನಾನು ಮಾತು ಕೊಡಲಾರೆ. ಅಡುಗೆಮನೆಯ ಸಣ್ಣ ಮೆಂಬ್ರೇನ್ ಆದರೆ ಇಷ್ಟೆಲ್ಲ ಬೇಡ, ಸುಮ್ನೆ ಹೊಸದು ಹಾಕಿ.

ಇನ್ನು ರಿಜೆಕ್ಟ್ ವಾಲ್ವ್, ಅಂದರೆ ಉಳಿದ ಉಪ್ಪು ನೀರನ್ನು ಹೊರಬಿಡುವ ವಾಲ್ವ್. ನೀರು ಉಳಿಸುತ್ತೇವೆ ಅಂತ ಅದನ್ನು ಜಾಸ್ತಿ ಮುಚ್ಚಬೇಡಿ. ನೂರು ಲೀಟರಿಗೆ 50 ಲೀಟರ್ ತೆಗೆದರೆ ಹಿಂದೆ ಉಳಿದ ನೀರಲ್ಲಿ ಉಪ್ಪು ಹತ್ತಿರಹತ್ತಿರ ಎರಡು ಪಟ್ಟು, 75 ತೆಗೆದರೆ ನಾಲ್ಕು ಪಟ್ಟು. ಮೇ ತಿಂಗಳ ಬಾವಿಗೆ ಇದು ಆಗುವ ಮಾತಲ್ಲ. ಆ್ಯಂಟಿಸ್ಕೇಲಂಟ್ (ಸ್ಕೇಲ್ ಕಟ್ಟದಂತೆ ತಡೆಯುವ ರಾಸಾಯನಿಕ) ಹಾಕಿದರೂ ಲೋಳೆಗೆ ಅದರಿಂದ ಏನೂ ಆಗುವುದಿಲ್ಲ. ಅದಕ್ಕೆ ಮೆಂಬ್ರೇನಿಗಿಂತ ಮೊದಲು ಬರುವ ಫಿಲ್ಟರೇ ಗತಿ. ಮಳೆಗಾಲದಲ್ಲಿ 5 ಮೈಕ್ರಾನ್ ಕಾರ್ಟ್ರಿಜ್ ಕಂದಾದ ಕೂಡಲೇ ಬದಲಿಸಿ. ಬಾವಿಗೆ ಬ್ಲೀಚಿಂಗ್ ಹಾಕಿದ ವಾರ ಕಾರ್ಬನ್ ಫಿಲ್ಟರ್ (ಕ್ಲೋರಿನ್ ತೆಗೆಯುವ ಇದ್ದಿಲು) ದಾಟಿದ ನೀರಲ್ಲಿ ಕ್ಲೋರಿನ್ ಉಳಿದಿಲ್ಲ ಅಂತ ಕ್ಲೋರಿನ್ ಕಿಟ್ಟಿನಲ್ಲಿ ನೋಡಿಯೇ ಮೆಂಬ್ರೇನಿಗೆ ಬಿಡಿ.

ಘಟ್ಟದ ಮೇಲಿನ ಶಿರಸಿ ಕಡೆಯವರು ಇದನ್ನು ಓದಿ ಆರ್‌ಒ ತರಲು ಓಡಬೇಡಿ. ಮೊದಲು ನೀರು ಪರೀಕ್ಷೆ ಮಾಡಿಸಿ. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500:2012 ಪ್ರಕಾರ ಟಿಡಿಎಸ್ ಲೀಟರಿಗೆ 500 ಮಿಲಿಗ್ರಾಂ ಒಳಗಿದ್ದರೆ ಉಪ್ಪಿನ ಮಟ್ಟಿಗೆ ಕುಡಿಯಲು ಅಡ್ಡಿಯಿಲ್ಲ. ಕಬ್ಬಿಣವೋ ಕೆಸರೋ ಇದ್ದರೆ ಅದಕ್ಕೆ ತಕ್ಕ ಫಿಲ್ಟರ್, ಮತ್ತೆ ಕುದಿಸಿ ಕುಡಿದರೆ ಆಯಿತು.